ಎಂಟನೇ ದಿನದ ಚೀಟಿ

ಮೇಡಂ ತೀರಿಕೊಂಡ ಸುದ್ದಿ ಬಂದ ದಿನ ರಟ್ಟಣ್ಣ ಅಂಟು ಕಾಯಿಸುತ್ತಿದ್ದ.

ಅಂಟು ಕಾಯಿಸುವಾಗ ಅವನನ್ನು ಮಾತನಾಡಿಸಬಾರದು ಎಂಬುದು ಬೀದಿಗೆಲ್ಲ ಗೊತ್ತಿದ್ದ ನಿಯಮ. ಕೈ ನಿಂತರೆ ತಳ ಹಿಡಿಯುತ್ತದೆ, ತಳ ಹಿಡಿದರೆ ಗಂಟು ಕಟ್ಟುತ್ತದೆ, ಗಂಟು ಕಟ್ಟಿದ ಅಂಟು ಹಚ್ಚಿದ ಪುಸ್ತಕಕ್ಕೆ ಗೂನುಬೆನ್ನು ತಪ್ಪಿದ್ದಲ್ಲ. ಆದ್ದರಿಂದ ಗ್ರಂಥಾಲಯದ ಗುಮಾಸ್ತರು ಸೈಕಲ್ಲನ್ನು ಗೋಡೆಗೆ ಒರಗಿಸಿ, ಅಂಗಡಿಯ ಹೊಸ್ತಿಲಲ್ಲಿ ಬಹಳ ಹೊತ್ತು ಸುಮ್ಮನೆ ನಿಂತರು. ಕೊನೆಗೆ ತಡೆಯಲಾರದೆ ಹೇಳಿದರು.

“ರಟ್ಟಣ್ಣ, ಮೇಡಂ ಹೋದ್ರು.”

“ಎಲ್ಲಿಗೆ?” ಎಂದ ರಟ್ಟಣ್ಣ, ಸೌಟು ತಿರುಗಿಸುತ್ತಲೇ.

“ಹೋದ್ರು ಕಣಯ್ಯ.”

“ಅದೇ ಸ್ವಾಮಿ, ಎಲ್ಲಿಗೆ ಅಂತ? ಬರ್ತೀನಿ ಅಂದೋರು ಹೋದ್ರು ಅಂದ್ರೆ ಏನರ್ಥ? ಬರೋ ದಾರೀಲಿ ಬೇರೆ ಊರಲ್ಲಿ ಇಳ್ಕೊಂಡ್ರಾ?”

ಗುಮಾಸ್ತರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸತೊಡಗಿದರು. ಒರೆಸಿದ ಗಾಜನ್ನೇ ಮತ್ತೆ ಒರೆಸಿದರು. ಸೌಟು ನಿಂತಿತು. ಒಳಗೆ ಅಕ್ಕಿ ಆರಿಸುತ್ತಿದ್ದ ರಟ್ಟಣ್ಣನ ಹೆಂಡತಿ ಸೌಟಿನ ಸದ್ದು ನಿಂತದ್ದಕ್ಕೇ ಗಾಬರಿಯಾಗಿ ಓಡಿ ಬಂದಳು. ಮೂವತ್ತು ವರ್ಷದ ಸಂಸಾರದಲ್ಲಿ ಅಂಟು ತಳ ಹಿಡಿದದ್ದು ಅದೇ ಮೊದಲು.

ರಟ್ಟಣ್ಣ ತಲೆಯೆತ್ತಿ ಗೋಡೆಯ ಮೊಳೆಗಳ ಸಾಲನ್ನು ನೋಡಿದ. ಕಟ್ಟಕಡೆಯ ಮೊಳೆಯಲ್ಲಿ ಮೂರು ವರ್ಷದಿಂದ ಒಂದು ಚೀಟಿ ತೂಗುತ್ತಿತ್ತು. ಅದರಲ್ಲಿ ತಾರೀಖು ಇರಲಿಲ್ಲ.

ಈ ಚೀಟಿಯ ಮಹತ್ವ ತಿಳಿಯಬೇಕಾದರೆ ರಟ್ಟಣ್ಣನ ವಿದ್ವತ್ತಿನ ವಿಷಯ ಮೊದಲು ಹೇಳಬೇಕು.

ಪುಸ್ತಕಕ್ಕೆ ರಟ್ಟು ಕಟ್ಟುವುದು ಅವನ ಕಸುಬು. ಅವನ ತಂದೆಯ ಕಾಲದಿಂದಲೂ ಊರಿನ ಗ್ರಂಥಾಲಯದ ಪುಸ್ತಕಗಳೇ ಆ ಮನೆಯ ಅನ್ನ. ಹರಿದ ಪುಸ್ತಕ ಬರುತ್ತಿತ್ತು. ಹದಿನಾರು ಹದಿನಾರು ಪುಟದ ಕಂತೆ ಮಾಡಿ ಹೊಲಿಯುತ್ತಿದ್ದ. ಒತ್ತುಯಂತ್ರದಲ್ಲಿಟ್ಟು ತಿರುಪು ಬಿಗಿಯುತ್ತಿದ್ದ. ಅಂಟು ಆರುವವರೆಗೆ ಸುಮ್ಮನೆ ಕೂರಲಾರದೆ ಕೈಗೆ ಸಿಕ್ಕ ಇನ್ನೊಂದು ಕಂತೆಯನ್ನು ಓದುತ್ತಿದ್ದ. ಹೀಗೆ ಅವನು ಮೂವತ್ತು ವರ್ಷದಲ್ಲಿ ನೂರಾರು ಇಂಗ್ಲಿಷ್ ಪುಸ್ತಕಗಳನ್ನು ಹದಿನಾರು ಪುಟಗಳ ಲೆಕ್ಕದಲ್ಲಿ ಓದಿದ್ದ. ಯಾವ ಕಥೆಯ ಆರಂಭವೂ ಅವನಿಗೆ ಗೊತ್ತಿಲ್ಲ, ಅಂತ್ಯವೂ ಗೊತ್ತಿಲ್ಲ. ನಡುವೆ ಯಾರೋ ಯಾರನ್ನೋ ಅಟ್ಟಿಸಿಕೊಂಡು ಹೋಗುತ್ತಿದ್ದರು ಎಂಬುದು ಮಾತ್ರ ಚೆನ್ನಾಗಿ ಗೊತ್ತು.

ನಿತ್ಯದ ಇಂಗ್ಲಿಷ್ ಮಾತುಕತೆಯನ್ನು ಕಲಿಸುವ ಪುಸ್ತಕವೂ ಒಮ್ಮೆ ಬಂದಿತ್ತು. ದುರ್ದೈವ, ನಲವತ್ತನೇ ಪುಟದಿಂದಾಚೆಗೆ ಗೆದ್ದಲು ಅದನ್ನು ಓದಿ ಮುಗಿಸಿತ್ತು. ವ್ಯಾಕರಣ ರಟ್ಟಣ್ಣನಿಗೆ ಸಿಕ್ಕಿತು, ಮಾತುಕತೆ ಗೆದ್ದಲಿಗೆ ಸಿಕ್ಕಿತು.

ಆದರೂ ಬೀದಿಯಲ್ಲಿ ಅವನಿಗೆ ವಿದ್ವಾಂಸನ ಸ್ಥಾನ. ಔಷಧದ ಸೀಸೆ ತಂದವರಿಗೆ ಅವನೇ ಓದಿ ಹೇಳಬೇಕು. ಯಾರಾದರೂ ಅನುಮಾನಪಟ್ಟರೆ ಅವನ ಉತ್ತರ ಸಿದ್ಧವಾಗಿತ್ತು: “ನಾನು ಇಂಗ್ಲಿಷ್ ನಿಘಂಟಿಗೆ ನಾಲ್ಕು ಸಲ ಹೊಲಿಗೆ ಹಾಕಿದೋನಪ್ಪಾ!” ಅದಕ್ಕೆ ಎದುರು ಹೇಳುವ ಎದೆಗಾರಿಕೆ ಯಾರಿಗಿತ್ತು?

ಇನ್ನು ಚೀಟಿಯ ವಿಷಯ. ಯಾವ ಕೆಲಸ ಬಂದರೂ ಒಂದು ಚೀಟಿ ಬರೆದು ಮೊಳೆಗೆ ಸಿಗಿಸುವುದು ಅವನ ತಂದೆ ಹಾಕಿದ ಪದ್ಧತಿ. ಚೀಟಿಯಲ್ಲಿ ಕೊಡುವ ದಿನ ಇರಲೇಬೇಕು. ಗಿರಾಕಿ “ಯಾವಾಗಲಾದ್ರೂ ಕೊಡಿ” ಎಂದರೆ ಎಂಟನೇ ದಿನ ಎಂದು ಬರೆಯಬೇಕು. “ಯಾವಾಗಲಾದ್ರೂ ಅನ್ನೋ ದಿನ ಪಂಚಾಂಗದಲ್ಲಿ ಇಲ್ಲ ಮಗನೇ, ನಾವೇ ಒಂದು ದಿನ ಕೊಡಬೇಕು” ಎಂದು ಆ ಪುಣ್ಯಾತ್ಮ ಹೇಳಿಹೋಗಿದ್ದ. ಕೆಲಸ ಮುಗಿದು ಕೈ ಸೇರಿದ ಮೇಲೆಯೇ ಚೀಟಿ ಹರಿಯಬೇಕು.

ಒಂಬತ್ತು ವರ್ಷದ ಹಿಂದೆ ಗ್ರಂಥಾಲಯಕ್ಕೆ ಹೊಸ ಮುಖ್ಯಾಧಿಕಾರಿಯಾಗಿ ಮೇಡಂ ಬಂದರು. ದೂರದ ಊರಿನವರು, ಒಂಟಿ ಜೀವ. ನಮ್ಮ ಮಾತು ಒಂದಕ್ಷರವೂ ಬಾರದು. ರಟ್ಟಣ್ಣ ಹೊಲಿದ ಪುಸ್ತಕಗಳ ಹೊರೆ ಹೊತ್ತು ಮೊದಲ ದಿನ ಹೋದಾಗ ಅವರು ಮೆಟ್ಟಿಲಿಳಿಯುತ್ತಾ ನಗುಮುಖದಿಂದ “ಹೌ ಆರ್ ಯು?” ಎಂದರು.

ರಟ್ಟಣ್ಣನಿಗೆ ಎದೆ ತುಂಬಿ ಬಂತು. ಅಷ್ಟು ದೊಡ್ಡ ಅಧಿಕಾರಿ ಹೇಗಿದ್ದೀ ಎಂದು ಕೇಳುವುದೆಂದರೇನು! ಹೊರೆ ಇಳಿಸಿ, ಎಡಮಂಡಿಯ ನೋವಿನಿಂದ ಶುರುಮಾಡಿ, ಹೆಂಡತಿಯ ಒಣಕೆಮ್ಮು, ಅತ್ತೆಯ ಕಣ್ಣಿನ ಪೊರೆ, ಕಿವುಡ ಚಿಕ್ಕಪ್ಪನ ಮಲಬದ್ಧತೆ, ಎಲ್ಲವನ್ನೂ ವ್ಯಾಕರಣಬದ್ಧವಾಗಿ ನಿವೇದಿಸಿದ. ಮೇಡಂ ಒಂದು ಕಾಲು ಮೇಲಿನ ಮೆಟ್ಟಿಲಲ್ಲಿ, ಒಂದು ಕಾಲು ಕೆಳಗಿನ ಮೆಟ್ಟಿಲಲ್ಲಿ ಇಟ್ಟುಕೊಂಡು ಕಾಲು ಗಂಟೆ ಕೇಳಿದರು.

ಮರುದಿನವೂ ಅವರು ಅದೇ ಪ್ರಶ್ನೆ ಕೇಳಿದರು. ಪಾಪ, ಚಿಂತೆ ಹಚ್ಚಿಕೊಂಡಿದ್ದಾರೆ ಎಂದು ರಟ್ಟಣ್ಣ ಹೊಸ ವರದಿ ಒಪ್ಪಿಸಿದ. ಮಂಡಿ ನಿನ್ನೆಗಿಂತ ವಾಸಿ, ಚಿಕ್ಕಪ್ಪನದು ಇನ್ನೂ ಹಾಗೇ ಇದೆ.

ಗುಮಾಸ್ತರು ಅವನನ್ನು ಕಪಾಟಿನ ಹಿಂದಕ್ಕೆ ಎಳೆದುಕೊಂಡು ಹೋದರು. “ಅಯ್ಯೋ ಮಾರಾಯಾ! ಅವರು ಕೇಳಿದ್ರೆ ‘ಫೈನ್’ ಅಂದು ಮುಂದಕ್ಕೆ ಹೋಗ್ತಾ ಇರ್ಬೇಕು.”

“ಮಂಡಿ ನೋಯ್ತಾ ಇದ್ರೂ?”

“ಮಂಡಿ ಮುರಿದು ಕೈಯಲ್ಲಿ ಹಿಡ್ಕೊಂಡಿದ್ರೂ ಫೈನ್.”

“ಹಾಗಾದ್ರೆ ಕೇಳೋದ್ಯಾಕೆ?”

ಗುಮಾಸ್ತರು ಮಾತು ಬದಲಿಸಿ, ದನಿ ತಗ್ಗಿಸಿ, ಇನ್ನೊಂದು ವಿಷಯ ಹೇಳಿದರು. ಗಂಟೆಗೆ ನೂರು ಪುಸ್ತಕಕ್ಕೆ ರಟ್ಟು ಕಟ್ಟುವ ಯಂತ್ರದವರಿಂದ ಪತ್ರ ಬಂದಿದೆ. ಗ್ರಂಥಾಲಯದ ಕೆಲಸ ಇನ್ನು ಮುಂದೆ ಯಂತ್ರಕ್ಕೋ ರಟ್ಟಣ್ಣನಿಗೋ ಎಂಬುದನ್ನು ಮೇಡಂ ತಿಂಗಳ ಕೊನೆಗೆ ತೀರ್ಮಾನಿಸುತ್ತಾರೆ. “ಅಲ್ಲೀವರೆಗೂ ನಿನ್ನ ಕೈ ಮಾತಾಡ್ಲಿ ರಟ್ಟಣ್ಣ. ಬಾಯಿ ಬೇಡ.”

ಆ ರಾತ್ರಿ ರಟ್ಟಣ್ಣ ದೇವರ ಮುಂದೆ ಕೂತು ಒಂದೇ ಬೇಡಿಕೆ ಇಟ್ಟ: ಅಪ್ಪನ ಸೂಜಿ ನನ್ನ ಕಾಲಕ್ಕೆ ತುಕ್ಕು ಹಿಡಿಯದಿರಲಿ.

ದೇವರು ಬೇಗ ಕಿವಿಗೊಟ್ಟಂತೆ ಕಂಡಿತು. ನಾಲ್ಕು ದಿನ ಕಳೆದು ಒಂದು ಶನಿವಾರ ಮೇಡಂ ಅವನು ಕಟ್ಟಿದ ದಪ್ಪ ಪುಸ್ತಕವೊಂದನ್ನು ಮೇಜಿನ ಮೇಲೆ ಬಿಡಿಸಿ ನೋಡಿದರು. ಅದು ಬಾಳೆಯೆಲೆಯಂತೆ ಮಟ್ಟಸವಾಗಿ ತೆರೆದುಕೊಂಡಿತು. ಬೆನ್ನಿನ ಮೇಲೆ ಬೆರಳಾಡಿಸಿದರು, ಮೂಗಿಗೆ ಹಿಡಿದು ಮೂಸಿದರು. ಸಂತೋಷದಿಂದ “ಯು ಮಸ್ಟ್ ಕಮ್ ಓವರ್ ಫಾರ್ ಎ ಮೀಲ್ ಸಮ್‌ಟೈಮ್! ಬ್ರಿಂಗ್ ದ ಫ್ಯಾಮಿಲಿ!” ಎಂದರು.

ರಟ್ಟಣ್ಣ ಮನೆಗೆ ನಡೆದು ಬರಲಿಲ್ಲ, ಹಾರಿ ಬಂದ. ಬಂದವನೇ ಚೀಟಿ ತೆಗೆದ. ಮೇಡಂ ಮನೆ ಊಟ. ಯಾವಾಗಲಾದರೂ ಎಂದಿದ್ದಾರೆ, ಅಂದರೆ ಎಂಟನೇ ದಿನ. ಶನಿವಾರದಿಂದ ಎಂಟನೆಯದು ಭಾನುವಾರ. ದೇವರೇ ಕೂಡಿಸಿಕೊಟ್ಟ ರಜಾದಿನ! ಚೀಟಿ ಮೊಳೆಗೇರಿತು.

ಈಗ ಎದ್ದದ್ದು ಫ್ಯಾಮಿಲಿ ಎಂದರೆ ಯಾರು ಎಂಬ ಪ್ರಶ್ನೆ.

“ನಾನು, ನೀವು, ಎರಡು ಹೆಣ್ಣುಮಕ್ಕಳು” ಎಂದಳು ಹೆಂಡತಿ.

ರಟ್ಟಣ್ಣ ಕಣ್ಣು ಮುಚ್ಚಿ ನಿಘಂಟಿನ ಆ ಕಂತೆಯನ್ನು ನೆನಪಿಸಿಕೊಂಡ. “ಅಷ್ಟು ಸಣ್ಣ ಮಾತಲ್ಲ ಕಣೇ ಅದು. ಒಂದೇ ಮೂಲಪುರುಷನ ಸಂತತಿಯೆಲ್ಲ ಫ್ಯಾಮಿಲಿ ಅಂತ ಬರೆದಿದೆ. ನಾನೇ ಹೊಲಿದಿದ್ದೀನಿ.”

“ಹಾಗಾದ್ರೆ ಮನುಷ್ಯರೆಲ್ಲ ಬರ್ಬೇಕಾಗುತ್ತಲ್ರೀ! ಎಲ್ಲಾದ್ರೂ ಒಂದು ಕಡೆ ನಿಲ್ಲಿಸಿ.”

ಎಲ್ಲಿ ನಿಲ್ಲಿಸುವುದು? ಅತ್ತೆಯನ್ನು ಬಿಟ್ಟರೆ ಮನೆಯಲ್ಲಿ ಉಳಿಗಾಲವಿಲ್ಲ. ಅತ್ತೆ ಬಂದರೆ ಅವರ ಮಗ, ನಲ್ಲಿ ರಿಪೇರಿಯ ಬಾಮೈದ ಬರಬೇಕು. ಅವನು ಬಂದರೆ ಅವನ ಹೆಂಡತಿ. ಹೆಂಡತಿಯ ಕಡೆಯವರು ಮೂವರಾದರೆ ತನ್ನ ಕಡೆಯವರು ಮೂವರಾದರೂ ಬೇಡವೇ? ಅಕ್ಕ, ಅಕ್ಕನ ಗಂಡ, ಕಿವುಡ ಚಿಕ್ಕಪ್ಪ. ಹತ್ತಾಯಿತು. ಅಷ್ಟರಲ್ಲಿ ಎದುರಂಗಡಿಯ ದರ್ಜಿ ಅಳತೆಪಟ್ಟಿ ಕೊರಳಿಗೆ ಹಾಕಿಕೊಂಡೇ ಬಂದ.

“ಹನ್ನೆರಡು ವರ್ಷದಿಂದ ದಿನಾ ನಿನ್ನ ಮುಖ ನೋಡ್ತಾ ಕೂತಿದ್ದೀನಿ ರಟ್ಟಣ್ಣ. ನಿನ್ನ ಹೆಂಡ್ತಿ ಕೂಡ ಅಷ್ಟು ನೋಡಿಲ್ಲ. ನಾನು ಫ್ಯಾಮಿಲಿ ಅಲ್ವಾ?”

ಹನ್ನೊಂದಾಯಿತು.

ಆ ವಾರ ಬೀದಿಗೆ ಬೀದಿಯೇ ತುದಿಗಾಲಲ್ಲಿ ನಿಂತಿತು. ದರ್ಜಿ ಬೇರೆಯವರ ಬಟ್ಟೆ ಬದಿಗೊತ್ತಿ ಹನ್ನೊಂದು ಜನರ ಗುಂಡಿ ಬಿಗಿಮಾಡಿದ. ಅತ್ತೆ ಹಲ್ಲಿನ ಸೆಟ್ಟನ್ನು ಉಪ್ಪುನೀರಲ್ಲಿ ನೆನೆಹಾಕಿದರು. ರಟ್ಟಣ್ಣ ಕೆಂಪು ಕ್ಯಾಲಿಕೋ ಬಟ್ಟೆ ಹೊದಿಸಿದ, ಅಂಚಿಗೆ ರೇಷ್ಮೆ ನೂಲು ಕೊಟ್ಟ ಒಂದು ಖಾಲಿ ಪುಸ್ತಕವನ್ನು ಕಾಣಿಕೆಗೆಂದು ಕಟ್ಟಿದ. ಮೇಡಂ ಒಬ್ಬರನ್ನು ಬಿಟ್ಟು ಊರಿನ ಎಲ್ಲರಿಗೂ ಆ ಊಟದ ವಿಷಯ ಗೊತ್ತಿತ್ತು.

ಭಾನುವಾರ ಹನ್ನೊಂದೂವರೆಗೆ ದಂಡು ಹೊರಟಿತು. ವಾಚನಾಲಯದ ತಿರುವಿನಲ್ಲಿ ಎದುರು ಬಂದ ಗುಮಾಸ್ತರು ಈ ಮೆರವಣಿಗೆ ಕಂಡು ಸೈಕಲ್ಲಿನಿಂದ ಇಳಿದರೋ ಬಿದ್ದರೋ ಹೇಳುವುದು ಕಷ್ಟ.

“ಎಲ್ಲಿಗೆ ಸವಾರಿ?”

“ಮೇಡಂ ಮನೆಗೆ ಊಟಕ್ಕೆ. ಕರೆದಿದ್ದಾರೆ” ಎಂದ ರಟ್ಟಣ್ಣ, ಸಾಧ್ಯವಾದಷ್ಟು ವಿನಯದಿಂದ.

ಗುಮಾಸ್ತರು ಕರೆದ ಮಾತು ಏನೆಂದು ಕೇಳಿ ತಿಳಿದುಕೊಂಡರು. ತಲೆಯ ಮೇಲೆ ಕೈ ಇಟ್ಟುಕೊಂಡರು. “ಸರ್ವನಾಶ! ಅದು ಕರೆಯೋದಲ್ಲಯ್ಯಾ, ಮರ್ಯಾದೆಗೆ ಆಡೋ ಮಾತು! ಅವರು ಬಾ ಅಂತಾರೆ, ನಾವು ಖಂಡಿತ ಅಂತೀವಿ, ಅಲ್ಲಿಗೆ ಇಬ್ಬರಿಗೂ ಹೊಟ್ಟೆ ತುಂಬ್ತು! ನಾಡಿದ್ದು ಯಂತ್ರದ ತೀರ್ಮಾನ. ಇವತ್ತು ಹನ್ನೊಂದು ಬಾಯಿ ತಗೊಂಡು ಹೋದ್ರೆ ನಿನ್ನ ಕೆಲಸಕ್ಕೆ ಎಳ್ಳುನೀರೇ ಗತಿ!”

ರಟ್ಟಣ್ಣನ ಮುಖ ಒಣಗಿದ ಅಂಟಿನಂತಾಯಿತು. ಮುಂದೆ ಹೋದರೆ ಅಪ್ಪನ ಕಾಲದ ಕೆಲಸ ಹೋಗುತ್ತದೆ. ಹಿಂದೆ ಹೋದರೆ ಬೀದಿಯಲ್ಲಿ ಮಾನ ಹೋಗುತ್ತದೆ. ದಂಡು ನಡುಬಿಸಿಲಲ್ಲಿ ನಿಂತಿತು. “ಊಟ ಇಲ್ಲೇನಾ?” ಎಂದು ಕಿವುಡ ಚಿಕ್ಕಪ್ಪ ರಸ್ತೆಯ ಮೇಲೆ ಕೂರಲು ಹೊರಟ.

ಆಗ ಅತ್ತೆ ಮುಂದೆ ಬಂದರು. “ಅಳಿಯಂದ್ರೇ, ಅವರು ಬಾಯಿಬಿಟ್ಟು ಬನ್ನಿ ಅಂದ್ರೋ ಇಲ್ವೋ?”

“ಅಂದ್ರು ಅತ್ತೆ.”

“ಮುಗೀತಲ್ಲ. ಕರೆದಿದ್ದು ಸುಳ್ಳಾದ್ರೆ ಪಾಪ ಅವರದು. ಕರೆದ್ರೂ ಹೋಗದಿದ್ರೆ ಪಾಪ ನಮ್ಮದು. ನಮ್ಮ ಪಾಪ ನಾವು ನೋಡ್ಕೊಳ್ಳೋಣ, ನಡೀರಿ.”

ಈ ಧರ್ಮಸೂಕ್ಷ್ಮಕ್ಕೆ ತಲೆಬಾಗಿದ ಗುಮಾಸ್ತರು ಆಗಬಹುದಾದ ಅನಾಹುತವನ್ನಾದರೂ ತಡೆಯೋಣವೆಂದು ಸೈಕಲ್ ತಳ್ಳಿಕೊಂಡು ಹಿಂದೆಯೇ ಬಂದರು.

ಬಾಗಿಲು ತೆರೆದ ಮೇಡಂ ಹಳೆಯ ನಿಲುವಂಗಿಯಲ್ಲಿದ್ದರು. ತಲೆಗೆ ಎಣ್ಣೆ ಮೆತ್ತಿತ್ತು, ಕೈಯಲ್ಲಿ ಪುಸ್ತಕವಿತ್ತು. ಕಣ್ಣಲ್ಲೇ ತಲೆ ಎಣಿಸಿದರು. ಎಣಿಕೆ ತಪ್ಪಿರಬಹುದೆಂದು ಮತ್ತೊಮ್ಮೆ ಎಣಿಸಿದರು.

“ಓ! ವಾಟ್ ಎ ಲವ್ಲಿ ಸರ್‌ಪ್ರೈಸ್!”

“ನೋ ಸರ್‌ಪ್ರೈಸ್ ಮೇಡಂ. ಎಂಟನೇ ದಿನ” ಎಂದು ರಟ್ಟಣ್ಣ ಎಂಟು ಬೆರಳು ತೋರಿಸಿದ.

ಒಳಗೆ ಬಂದಮೇಲೆ ಕೆಂಪು ಪುಸ್ತಕವನ್ನು ಎರಡೂ ಕೈಯಲ್ಲಿ ನೀಡಿದ. ಮೇಡಂ ಅದನ್ನು ಕಂಡು ಅರಳಿ “ಓ, ಯು ಶುಡ್‌ನಾಟ್ ಹ್ಯಾವ್!” ಎಂದರು. ಗೆದ್ದಲು ತಿನ್ನದ ನಲವತ್ತು ಪುಟಗಳ ಪ್ರಕಾರ ಇದು ಛೀಮಾರಿ. ಮಾಡಬಾರದ್ದನ್ನು ಮಾಡಿದೆ ಎಂದರ್ಥ. ರಟ್ಟಣ್ಣ ಬೆವರಿ, “ಸಾರಿ ಮೇಡಂ, ನೆವರ್ ಎಗೇನ್” ಎಂದು ಪುಸ್ತಕವನ್ನು ಗಬಕ್ಕನೆ ಚೀಲಕ್ಕೆ ಸೇರಿಸಿದ. ಚಾಚಿದ ಮೇಡಂ ಕೈಗಳು ಚಾಚಿಯೇ ಇದ್ದವು. ಏನು ಮಾಡಲೂ ತೋಚದೆ ಅವರು “ಪ್ಲೀಸ್, ಮೇಕ್ ಯುವರ್‌ಸೆಲ್ವ್ಸ್ ಅಟ್ ಹೋಮ್” ಎಂದುಬಿಟ್ಟರು.

“ಏನಂತೆ?” ಎಂದರು ಅತ್ತೆ.

“ನಿಮ್ಮ ಮನೆ ಅಂತಲೇ ತಿಳ್ಕೊಳ್ಳಿ ಅಂತಿದ್ದಾರೆ.”

ತಿಳಿದುಕೊಂಡರು. ಅತ್ತೆ ನೇರವಾಗಿ ಅಡುಗೆಮನೆಗೆ ಹೋಗಿ ಡಬ್ಬಿಗಳ ಮುಚ್ಚಳ ತೆಗೆಯತೊಡಗಿದರು. ಅಕ್ಕ ಪೊರಕೆ ಹುಡುಕಿದಳು. ದರ್ಜಿ ಕಿಟಕಿಯ ಪರದೆಯನ್ನು ಮುಟ್ಟಿ ನೋಡಿ “ಯಾವ ಕಟುಕ ಹೊಲಿದಿದ್ದು ಇದನ್ನ?” ಎಂದು ಹೊಲಿಗೆ ಬಿಚ್ಚಲು ಕೂತ. ಚಿಕ್ಕಪ್ಪ ಸೋಫಾದ ಮೇಲೆ ಮಲಗಿ ಗೊರಕೆ ತೆಗೆದ. ಬಾಮೈದ ತೊಟ್ಟಿಕ್ಕುತ್ತಿದ್ದ ನಲ್ಲಿಯ ಸದ್ದು ಕೇಳಿ ಕೆರಳಿ ನಿಂತ.

“ಭಾವಾ, ಒಂದೇ ನಿಮಿಷ” ಎಂದು ಜೇಬಿನಿಂದ ಪಾನಾ ತೆಗೆದು ತಿರುಗಿಸಿದ. ನಲ್ಲಿಯ ತಲೆ ಸೂರಿಗೆ ಹಾರಿತು. ಕೆಳಗಿನಿಂದ ನೀರು ಚಿಮ್ಮಿ, ಅನಾಹುತ ತಡೆಯಲು ಓಡಿಬಂದ ಗುಮಾಸ್ತರ ಎದೆಗೆ ಬಡಿಯಿತು.

“ಬಟ್ಟೆ ತುರುಕಿ!” “ಯಾರ ಬಟ್ಟೆ?” “ನಿನ್ನ ತಲೆ! ಗೇಟು ಎಲ್ಲಿದೆಯೋ?” “ಬೀದಿ ಗೇಟಾ?” “ನೀರಿನ ಗೇಟು ಕಣೋ ದಂಡಪಿಂಡ!”

ಈ ಪ್ರಳಯದ ನಡುವೆ, ಅತ್ತೆಯನ್ನಾದರೂ ತಡೆಯೋಣವೆಂದು ರಟ್ಟಣ್ಣ ಅಡುಗೆಮನೆಗೆ ನುಗ್ಗಿದ. ನುಗ್ಗಿದವನು ಅಲ್ಲೇ ನಿಂತ.

ಒಲೆಯ ಮೇಲೆ ಪುಟ್ಟ ಪಾತ್ರೆ. ಅದರಲ್ಲಿ ಬೇಯುತ್ತಿದ್ದದ್ದು ಒಂದೇ ಆಲೂಗಡ್ಡೆ. ಗೂಡಿನಲ್ಲಿ ಒಂದು ತಟ್ಟೆ, ಒಂದು ಲೋಟ, ಒಂದು ಚಮಚ. ಹುಡುಕಿದರೂ ಇನ್ನೊಂದು ತಟ್ಟೆ ಇರಲಿಲ್ಲ.

ನಾಲ್ಕು ಸಲ ಹೊಲಿದ ನಿಘಂಟು ಕಲಿಸದ್ದನ್ನು ಆ ಒಂದು ತಟ್ಟೆ ಕಲಿಸಿತು. ಊಟಕ್ಕೆ ಕರೆದವರ ಮನೆಯಲ್ಲ ಇದು. ರಟ್ಟಣ್ಣ ನಿಧಾನವಾಗಿ ಹೊರಗೆ ಬಂದ. “ಏಳಿ ಎಲ್ಲ. ಹೋಗೋಣ” ಎಂದ. ಅವನ ದನಿ ಕೇಳಿ ನಲ್ಲಿಯೂ ಸುಮ್ಮನಾಯಿತು. ಬಾಮೈದನಿಗೆ ಗೇಟು ಸಿಕ್ಕಿತ್ತು. ರಟ್ಟಣ್ಣ ಮೇಡಂ ಮುಂದೆ ಕೈಮುಗಿದು ತನ್ನ ಇಂಗ್ಲಿಷನ್ನೆಲ್ಲ ಒಟ್ಟುಗೂಡಿಸಿ ಹೇಳಿದ: “ಮೇಡಂ, ವಿ ಆರ್ ಎ ಮಿಸ್ಟೇಕ್.”

ಮೇಡಂ ಬಾಗಿಲಿಗೆ ಅಡ್ಡ ನಿಂತರು. ಅವರ ಗಲ್ಲದ ಮೇಲೂ ನೀರಿತ್ತು. ಅದು ನಲ್ಲಿಯದೆಂದು ಎಲ್ಲರೂ ಭಾವಿಸಿದರು. ನಿಧಾನವಾಗಿ ಇಂಗ್ಲಿಷಿನಲ್ಲಿ ಏನೋ ಹೇಳತೊಡಗಿದರು. ನೀರು ಸುರಿಯುವ ಅಂಗಿಯಲ್ಲೇ ಗುಮಾಸ್ತರು ಅದನ್ನು ನಮ್ಮ ಮಾತಿಗೆ ತಂದರು.

“ಇಪ್ಪತ್ತೆಂಟು ವರ್ಷದಿಂದ ಒಂಬತ್ತು ಊರಲ್ಲಿ ಎಲ್ಲರಿಗೂ ಈ ಮಾತು ಹೇಳಿದ್ದಾರಂತೆ. ಎಲ್ಲರೂ ಖಂಡಿತ ಅಂದ್ರಂತೆ. ಯಾರೂ ಬರ್ಲಿಲ್ಲವಂತೆ. ಮೊದಲು ಆರು ತಟ್ಟೆ ಇದ್ವಂತೆ. ಊರಿಂದ ಊರಿಗೆ ಹೊರೋದ್ಯಾಕೆ ಅಂತ ಕೊಟ್ಟುಬಿಟ್ರಂತೆ. ನೀವು ಕೂತ್ಕೋಬೇಕಂತೆ.”

ಅತ್ತೆ ಸೌಟು ಹಿಡಿದು ಅಡುಗೆಮನೆಯ ಬಾಗಿಲಿಗೆ ಬಂದು ಗುಮಾಸ್ತರನ್ನು ದಿಟ್ಟಿಸಿದರು. “ನಿಮ್ಮನ್ನೂ ಕರೆದಿದ್ರಾ?”

“ನಾಲ್ಕು ಸಲ.”

“ಮತ್ತೆ ಯಾಕೆ ಬರ್ಲಿಲ್ಲ?”

ಗುಮಾಸ್ತರು ತಲೆ ತಗ್ಗಿಸಿದರು. “ನನಗೆ ಇಂಗ್ಲಿಷ್ ಚೆನ್ನಾಗಿ ಬರುತ್ತೆ, ಅದಕ್ಕೆ.”

ಆ ದಿನದ ಊಟದಂಥ ಊಟವನ್ನು ಆ ಹನ್ನೊಂದು ಜನ ಮತ್ತೆಲ್ಲೂ ಉಂಡಿಲ್ಲ. ದರ್ಜಿ ಓಡಿಹೋಗಿ ಆಲೂಗಡ್ಡೆ, ಈರುಳ್ಳಿ, ಅಕ್ಕಿ ತಂದ. ಡಬ್ಬಿಯ ಮುಚ್ಚಳಗಳೇ ತಟ್ಟೆಗಳಾದವು. ಚಿಕ್ಕಪ್ಪನಿಗೆ ಬಾಣಲೆ ಸಿಕ್ಕಿತು, ಗುಮಾಸ್ತರಿಗೆ ಸೋರುವ ಜರಡಿ. ಮೇಡಂ ತಮ್ಮ ಒಂದೇ ತಟ್ಟೆಯನ್ನು ಅತ್ತೆಗೆ ಕೊಟ್ಟು ತಾವು ಹಾಲಿನ ಪಾತ್ರೆಯಲ್ಲಿ ಉಂಡರು. ಚೀಲದಿಂದ ಕೆಂಪು ಪುಸ್ತಕವನ್ನು ತಾವೇ ಎಳೆದು ತೆಗೆದು, ಇನ್ನು ಕೊಡುವುದಿಲ್ಲ ಎಂಬಂತೆ ಕಂಕುಳಲ್ಲಿ ಇಟ್ಟುಕೊಂಡರು.

ಹೊರಡುವಾಗ ಅತ್ತೆ ಮೇಡಂ ಕೈಹಿಡಿದು “ಬರ್ತೀವಮ್ಮಾ” ಎಂದರು. ಗುಮಾಸ್ತರು ಈ ಸಲ ಒಂದಕ್ಷರ ಆಚೀಚೆ ಮಾಡದೆ ಇಂಗ್ಲಿಷಿಗೆ ತಂದರು: “ದೇ ಆರ್ ಕಮಿಂಗ್.”

ಪಾಪ, ಮೇಡಂ ಸಂಜೆಯವರೆಗೂ ಬಾಗಿಲು ತೆರೆದುಕೊಂಡು ಕೂತಿದ್ದರು. ಮರುದಿನ ರಟ್ಟಣ್ಣನನ್ನು ಕಂಡವರೇ, ಬರುತ್ತೇವೆಂದವರು ಯಾಕೆ ಬರಲಿಲ್ಲ ಎಂದು ಕೇಳಿದರು. ನಮ್ಮಲ್ಲಿ ಹೋಗುವವರು ಹೋಗುತ್ತೇನೆ ಎನ್ನುವುದಿಲ್ಲ, ಬರುತ್ತೇನೆ ಎಂದು ಹೇಳಿಯೇ ಹೋಗುತ್ತಾರೆ ಎಂದು ರಟ್ಟಣ್ಣ ವಿವರಿಸಿದ. “ವೈ?” ಎಂದರು ಮೇಡಂ. ರಟ್ಟಣ್ಣ ಬಹಳ ಯೋಚಿಸಿ, “ಫೈನ್” ಎಂದ. ಮೇಡಂ ಬಿದ್ದುಬಿದ್ದು ನಕ್ಕದ್ದು ಗ್ರಂಥಾಲಯದ ನಿಶ್ಶಬ್ದ ಕೋಣೆಗೂ ಕೇಳಿಸಿತು.

ತೀರ್ಮಾನದ ದಿನ ಯಂತ್ರದವರ ಪತ್ರ ಕಪಾಟಿಗೆ ಹೋಯಿತು. ಮಟ್ಟಸವಾಗಿ ತೆರೆದುಕೊಳ್ಳದ ಪುಸ್ತಕ ತಮಗೆ ಬೇಡ ಎಂದು ಮೇಡಂ ಬರೆದಿದ್ದರು. ಅವರು ಊರಲ್ಲಿದ್ದ ಆರು ವರ್ಷವೂ ಎಂಟನೇ ದಿನದ ಊಟ ತಪ್ಪಲಿಲ್ಲ. ಒಂದು ಸಲ ಅಲ್ಲಿ, ಒಂದು ಸಲ ಇಲ್ಲಿ. ಅವರ ಗೂಡಿನಲ್ಲಿ ಹದಿಮೂರು ತಟ್ಟೆಗಳಾದವು. ಹದಿಮೂರನೆಯದು ಗುಮಾಸ್ತರದು.

ಮೂರು ವರ್ಷದ ಹಿಂದೆ ನಿವೃತ್ತರಾಗಿ ಅವರು ರೈಲು ಹತ್ತಿದರು. ತಟ್ಟೆಗಳ ಗಂಟನ್ನು ಹಟಮಾಡಿ ಜೊತೆಗೇ ಒಯ್ದರು. ರಟ್ಟಣ್ಣ ಕಿಟಕಿಯ ಬಳಿ ನಿಂತು “ಸೀ ಯು ಲೇಟರ್ ಮೇಡಂ” ಎಂದ. ಮೇಡಂ ಒಂದೊಂದೇ ಅಕ್ಷರ ಕೂಡಿಸಿಕೊಂಡು ನಮ್ಮ ಮಾತಿನಲ್ಲಿ “ಬರ್ತೀನಿ” ಎಂದರು. ಅಂಗಡಿಗೆ ಬಂದು ಅವನು ಚೀಟಿ ಬರೆದ: ಮೇಡಂ ಬರುತ್ತಾರೆ. ದಿನ ಬರೆಯುವಾಗ ಮಾತ್ರ ಕೈ ಏಳಲಿಲ್ಲ.

ಅದೇ ಚೀಟಿ ಈಗ ಮೊಳೆಯಲ್ಲಿತ್ತು.

“ಇನ್ನು ಅದನ್ನ ತೆಗೆದುಬಿಡು ರಟ್ಟಣ್ಣ” ಎಂದರು ಗುಮಾಸ್ತರು.

“ಹೇಗೆ ತೆಗೀಲಿ ಸ್ವಾಮಿ? ಕೆಲಸ ಮುಗಿದಿಲ್ಲ” ಎಂದ ರಟ್ಟಣ್ಣ. “ಬರ್ತೀನಿ ಅಂದಿದ್ದಾರೆ. ಅವರು ಬರೋಕಾಗದಿದ್ರೆ ನಾನೇ ಹೋಗ್ಬೇಕು. ಕರೆದ ಮೇಲೆ ಹೋಗದಿದ್ರೆ ಪಾಪ ನಮ್ಮದು. ದಿನ ಹಾಕೋನು ಮೇಲಿದ್ದಾನೆ.”

ಹೆಂಡತಿ ತಳ ಹಿಡಿದ ಅಂಟನ್ನು ಇಳಿಸಿದಳು. ಈಗ ಕಣ್ಣು ಪೂರ್ತಿ ಮಂಜಾಗಿರುವ ಅತ್ತೆ ಮಗನ ತೋಳು ಹಿಡಿದು ಹೊರಗೆ ಬಂದರು. ಎದುರಂಗಡಿಯ ಹೊಲಿಗೆಯಂತ್ರ ನಿಂತಿತು, ದರ್ಜಿ ರಸ್ತೆ ದಾಟಿ ಬಂದ. ರಟ್ಟುಗಳ ನಡುವೆ ಜಾಗ ಮಾಡಿಕೊಂಡು ಎಲ್ಲರೂ ಕೂತರು. ಅತ್ತೆ ಕೈಮುಗಿದು ಹೇಳಿದರು, ಉಳಿದವರು ಅವರ ಹಿಂದೆ ಹೇಳಿದರು:

“ದೇವರೇ, ನಮ್ಮ ಮೇಡಂ ನಿನ್ನ ಬಾಗಿಲಿಗೆ ಬಂದಿದ್ದಾರೆ. ಕರೆದವನು ನೀನು. ಮರ್ಯಾದೆಗೆ ಕರೆದೆ ಅನ್ನಬೇಡ. ಒಬ್ಬರೇ ಉಂಡು ಸಾಕಾದ ಜೀವ ಅದು. ನಾಲ್ಕು ಜನರ ನಡುವೆ ಕೂರಿಸು. ನಿನ್ನ ಮನೆ ಅಂತಲೇ ತಿಳ್ಕೋ ಅಂತ ಹೇಳು, ಹೇಳಿದ ಮಾತನ್ನ ಹೇಳಿದ ಹಾಗೇ ನಡೆಸು. ನಾವು ಬರೋವರೆಗೂ ಆ ಆತ್ಮಕ್ಕೆ ಶಾಂತಿ ಕೊಡು ತಂದೆ.”